ಆಸನ ಸಂಖ್ಯೆ

ಹಮಾಮತ್ಸುವಿನ ವಾಹನ ತಪಾಸಣಾ ಕಚೇರಿಯ ಎದುರಿಗೆ
ಟೈರಿನಂಗಡಿಗೂ ನೂಡಲ್ಸಿನಂಗಡಿಗೂ ನಡುವೆ
ತಗಡು ಹೊದ್ದ ಒಂದೇ ಕೋಣೆ ನನ್ನದು.
ಮೂವತ್ತೊಂದು ವರ್ಷದಿಂದ ಅರ್ಜಿ ಬರೆಯುತ್ತೇನೆ
ಬೇರೆಯವರ ಕಾರುಗಳಿಗೆ.
ನನಗೆ ಓಡಿಸಲು ಬಾರದು.

ಅದೆಮಿರ್ ಸೇಯ್ಕೊ ಹಿಗಾವೊನ್ನ ಮೊದಲ ಸಲ ಬಂದದ್ದು
ಆ ಬಿಳಿ ವ್ಯಾನು ಕೊಂಡ ಮಾರನೆಯ ಬೆಳಿಗ್ಗೆ.
ಗೇರು ಕಾರ್ಖಾನೆಯ ರಾತ್ರಿ ಪಾಳಿ ಕಣ್ಣಲ್ಲಿನ್ನೂ ಕೂತಿತ್ತು,
ಉಗುರಲ್ಲಿ ಗ್ರೀಸು.
ಮನೆತನದ ಹೆಸರು ಅಜ್ಜನ ಓಕಿನಾವದ್ದು,
ನಾಲಿಗೆ ಸಾವೊ ಪಾವ್ಲೊದ್ದು.
ಮೂರು ಹೆಸರೂ ಒಂದು ಮೊಹರಿನಲ್ಲಿ ಹಿಡಿಸದೆ
ಕೆತ್ತುವವ ಕೊನೆಯದನ್ನಷ್ಟೇ ಉಳಿಸಿದ್ದ.
"ಒಚಿಯಾಯ್ ಸಾನ್, ನಾನು ಇಷ್ಟೇ ಅಂದ್ರೆ ಸರ್ಕಾರ ಒಪ್ಪುತ್ತಾ?"
ಒಪ್ಪುತ್ತೆ, ಅಂದೆ,
ಕೆಂಪು ಒಣಗುವ ತನಕ ಬೆರಳು ಇಡಬೇಡ.

ಇಲ್ಲಿ ಕಾರಿಗಿಂತ ಮೊದಲು ಕಾರು ಮಲಗುವ ಜಾಗ ಬೇಕು,
ಮನೆಯಿಂದ ಎರಡು ಕಿಲೋಮೀಟರಿನೊಳಗೆ, ನಕ್ಷೆ ಸಮೇತ.
ಪೊಲೀಸರು ಬಂದು ನೋಡುತ್ತಾರೆ.
ನಕ್ಷೆ ಬರೆದವಳು ಅವನ ಮಗಳು.
ಉತ್ತರ ದಿಕ್ಕು ಸರಿ, ರಸ್ತೆಯ ಅಗಲ ಸರಿ,
ಮೂಲೆಯ ಮರದಡಿ ಬೆಕ್ಕೂ ಒಂದಿತ್ತು.
ಬೆಕ್ಕನ್ನು ಅಳಿಸಿದೆ.
ಉಜ್ಜಿ ಉಜ್ಜಿ ಅಲ್ಲಿ ಕಾಗದ ತೆಳ್ಳಗಾಯಿತು,
ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ, ಸುಮ್ಮನೆ ತೆಗೆದುಕೊಂಡ.

ಎರಡು ವರ್ಷಕ್ಕೊಮ್ಮೆ ತಪಾಸಣೆ.
ಅವನು ಬಂದಾಗಲೆಲ್ಲ ವ್ಯಾನು
ನೆಲಕ್ಕೆ ಇನ್ನೊಂದಿಷ್ಟು ಹತ್ತಿರ.
ಒಂಬತ್ತು ಸೆಂಟಿಮೀಟರು ಕಾನೂನು ಮಾರಾಯ,
ಎಂಟೂವರೆಯಲ್ಲಿ ಅಂಥ ಸುಖ ಏನಿದೆ? ಬೈದೆ.
"ರಸ್ತೆ ಮಾತಾಡೋದು ಕೇಳಿಸುತ್ತೆ," ಅಂದ.
ತಪಾಸಕ ಕುಸಕಾಬೆ ಮಂಡಿಯೂರುವ ಹೊತ್ತಿಗೆ
ಹೆಂಡತಿ ಇವೊನೆ ಮಗಳನ್ನೂ ಎಳೆದುಕೊಂಡು ಇಳಿಯುತ್ತಿದ್ದಳು,
ಕೈಚೀಲ, ನೀರಿನ ಬಾಟಲಿ, ಕೊನೆಗೆ ಕೊಡೆ ಕೂಡ.
ಅವರು ಇಳಿದರೆ ವ್ಯಾನು ನಾಲ್ಕು ಮಿಲಿಮೀಟರು ಏಳುತ್ತದೆ.
ಎರಡು ಸಲ ಅವರು ಪಾಸಾದದ್ದು
ಆ ನಾಲ್ಕು ಮಿಲಿಮೀಟರಿನಲ್ಲೇ.

ಈ ನವೆಂಬರಿನಲ್ಲಿ ಒಬ್ಬನೇ ಬಂದ.
ಹಿಂದಿನ ಸೀಟು ತೆಗೆಸಬೇಕು,
ನಾಲ್ಕಿದ್ದ ಆಸನ ಎರಡಾಗಬೇಕು ದಾಖಲೆಯಲ್ಲಿ.
"ಸಾಮಾನು ಸಾಗಿಸೋಕೆ," ಅಂದ, ನಾನು ಕೇಳದಿದ್ದರೂ.
ಯಾವ ಸಾಮಾನು, ಎಲ್ಲಿಗೆ, ಹೇಳಲಿಲ್ಲ.
ರಚನೆಯ ಬದಲಾವಣೆ ಅಂದರೆ ಹದಿನಾಲ್ಕು ಹಾಳೆ:
ಬೋಲ್ಟಿನ ತೂತು ಮುಚ್ಚಿದ ಫೋಟೋ,
ಮುಂದಿನ ಗಾಲಿಯ ಮೇಲೆಷ್ಟು ಭಾರ, ಹಿಂದಿನದರ ಮೇಲೆಷ್ಟು,
ಮೊದಲೆಷ್ಟಿತ್ತು, ಈಗೆಷ್ಟು, ಕಿಲೋಗ್ರಾಮಿನಲ್ಲಿ.
ಯಾಕೆ ಎನ್ನುವ ಕಾಲಂ
ಹದಿನಾಲ್ಕರಲ್ಲಿ ಒಂದರಲ್ಲೂ ಇಲ್ಲ.
ಮೊಹರು ಹುಡುಕಲು ಚೀಲ ಸುರಿದಾಗ ಮೇಜಿನ ಮೇಲೆ ಬಿತ್ತು
ಎರಡು ಟಿಕೆಟ್ಟಿನ ರಸೀದಿ, ಒಂದು ದೊಡ್ಡದು ಒಂದು ಮಕ್ಕಳದು,
ಹೋಗುವುದಕ್ಕೆ ಮಾತ್ರ.
ನಾನು ಕನ್ನಡಕ ಒರೆಸಿಕೊಂಡೆ. ಅವನು ಎತ್ತಿಟ್ಟುಕೊಂಡ.

ಕುಸಕಾಬೆ ಮಂಡಿಯೂರಿ ಅಳೆದ.
ಒಂಬತ್ತರ ಮೇಲೆ ಆರು ಮಿಲಿಮೀಟರು.
"ಅಂತೂ ಬುದ್ಧಿ ಬಂತು, ಎತ್ತರಿಸಿದ್ದೀರಿ," ಅಂತ ಬೆನ್ನು ತಟ್ಟಿದ.
ಅದೆಮಿರ್ ಏನನ್ನೂ ಎತ್ತರಿಸಿರಲಿಲ್ಲ.

ಹೊಸ ಪ್ರಮಾಣಪತ್ರ ಕೊಡಲು ಸೈಕಲ್ಲಿನಲ್ಲಿ ನಾನೇ ಹೋದೆ.
ಮೂರನೇ ಮಹಡಿ, ಲಿಫ್ಟಿಲ್ಲ.
ನಡುಕೋಣೆಯಲ್ಲಿ ಬೇರೆ ಕುರ್ಚಿಯಿಲ್ಲ,
ಗೋಡೆಗೊರಗಿಸಿದ ಆ ಸೀಟೊಂದೇ,
ಸಂದಿಯಲ್ಲಿ ಬಿಸ್ಕತ್ತಿನ ಪುಡಿ.
ಬೆಲ್ಟುಗಳನ್ನೂ ಬಿಚ್ಚಿ ತಂದು ಅದಕ್ಕೇ ಮತ್ತೆ ಬಿಗಿದಿದ್ದ,
ಕಾನೂನು ಹೇಳುವಷ್ಟು ಬಿಗಿಯಾಗಿ.
"ಕೂತ್ಕೊಳ್ಳಿ," ಅಂದು ಕಾಫಿಗೆ ನೀರಿಟ್ಟ.

ಕೂತೆ.
ಕೈ ತಾನಾಗಿ ಪಕ್ಕಕ್ಕೆ ಹೋಗಿ ಕೊಂಡಿ ಹುಡುಕಿತು.
ಕ್ಲಿಕ್ ಅಂದದ್ದು
ಅಡುಗೆಮನೆಗೂ ಕೇಳಿಸಿರಬೇಕು,
ಚಮಚದ ಸದ್ದು ನಿಂತಿತು.